ಮಾವನವರು ಬೆಳೆಸಿದ ಅಬ್ಬಲಿಗೆ

ನಾನು ಬನಹಟ್ಟಿಯ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗಾಗಲೇ ನನ್ನ ಮಾವನವರ ಕಿವಿ ಹೋಗಿತ್ತು. ಹುಟ್ಟುಕಿವುಡಲ್ಲ; ಹರೆಯದಿಂದ ಮಗ್ಗಗಳ ನಡುವೆ ನಿಂತು ನಿಂತು ಬಂದದ್ದು. ನಮ್ಮ ಕಟ್ಟಡದಲ್ಲಿ ಅರ್ಧ ಮನೆ, ಇನ್ನರ್ಧ ಪಾವರ್‌ಲೂಮು. ಅಡುಗೆಮನೆಯ ಗೋಡೆಯಾಚೆಗೇ ಮಗ್ಗಗಳು. ಬೆಳಿಗ್ಗೆ ಅವು ಶುರುವಾದರೆ ನೀರಿನ ಗಡಿಗೆಯ ಮೇಲಿನ ತಾಟು ಸಣ್ಣಗೆ ನಡುಗುತ್ತದೆ. ಕರೆಂಟ್ ಹೋದಾಗ ಮಾತ್ರ ನಮ್ಮ ಓಣಿಯಲ್ಲಿ ಗುಬ್ಬಿಗಳಿವೆ ಎನ್ನುವುದು ಗೊತ್ತಾಗುತ್ತದೆ.

ಜಮಖಂಡಿಯ ಡಾಕ್ಟರು ಇನ್ನು ಮಗ್ಗದ ಹತ್ತಿರ ಹೋಗಬೇಡಿ ಎಂದು ಹೇಳಿ, ಕಿವಿಗೆ ಹಾಕಿಕೊಳ್ಳುವ ಮಶೀನು ಕೊಟ್ಟಿದ್ದರು. ಅದನ್ನು ಹಾಕಿಕೊಂಡರೆ ಮನುಷ್ಯರ ಮಾತಿಗಿಂತ ಮೊದಲು ಗೋಡೆಯಾಚೆಯ ಮಗ್ಗದ ಸದ್ದೇ ತಲೆಯೊಳಗೆ ನುಗ್ಗುತ್ತಿತ್ತಂತೆ. ತೆಗೆದು ಗೋಡೆಯ ಮಾಡದೊಳಗೆ ಇಟ್ಟರು, ಮತ್ತೆ ಮುಟ್ಟಲಿಲ್ಲ. ಕೆಲಸವೆಲ್ಲ ನನ್ನ ಗಂಡನ ಕೈಗೆ ಬಂತು. ಜೀವಮಾನವಿಡೀ ನಿಂತು ಕೆಲಸ ಮಾಡಿದ ಮನುಷ್ಯ ಬಾಗಿಲ ಕಟ್ಟೆಯ ಮೇಲೆ ಕೂತುಬಿಟ್ಟರು.

ಕಿವಿ ಕೇಳದಿದ್ದ ಮಾತ್ರಕ್ಕೆ ಅವರಿಗೆ ಮಾತು ತಿಳಿಯುತ್ತಿರಲಿಲ್ಲ ಎಂದಲ್ಲ. ಪಾವರ್‌ಲೂಮಿನಲ್ಲಿ ಕೆಲಸ ಮಾಡುವವರು ಆ ಗದ್ದಲದಲ್ಲಿ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುವುದು. ನೂಲು ಕಡಿದದ್ದು, ಮಗ್ಗದಲ್ಲಿ ಅತ್ತಿತ್ತ ಬಡಿಯುತ್ತ ನೂಲೊಯ್ಯುವ ಲಾಳಿ ಖಾಲಿಯಾದದ್ದು, ಚಹಾ ಬಂದದ್ದು, ಎಲ್ಲ ತುಟಿಯಿಂದಲೇ. ಮಾವನವರು ಅದರಲ್ಲಿ ಪಳಗಿದವರು. ನನ್ನ ಗಂಡ ಎದುರು ನಿಂತು ಸದ್ದಿಲ್ಲದೆ ಬಾಯಾಡಿಸಿದರೂ ಸಾಕು, ಸರಿಯಾದ ಉತ್ತರ ಬರುತ್ತಿತ್ತು. ತೊಂದರೆಯಿದ್ದದ್ದು ಹೆಂಗಸರ ಮಾತಿಗೆ. ಅತ್ತೆಯವರು ಒಲೆಯ ಮುಂದೆ ಕೂತು, ರೊಟ್ಟಿಯ ಕಡೆ ಮುಖ ಮಾಡಿಕೊಂಡೇ ಕೂಗಿ ಹೇಳುವವರು. ನಾನಂತೂ ಮಾವನವರ ಮುಂದೆ ಹೋಗುವಾಗ ತಲೆಯ ಮೇಲೆ ಸೆರಗು ಹೊದ್ದು, ಅದರ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಹೋಗಬೇಕು. ನಮ್ಮಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಅದು. ಹಾಗಾಗಿ ಒಂದೇ ಮನೆಯಲ್ಲಿದ್ದೂ ನಮ್ಮಿಬ್ಬರ ನಡುವೆ ಚಹಾದ ಕಪ್ಪು ಬಿಟ್ಟರೆ ಬೇರೆ ಏನೂ ಓಡಾಡುತ್ತಿರಲಿಲ್ಲ. ನಾನು ಕಪ್ಪು ಇಟ್ಟು ಹೋಗುವುದು, ಅವರು ಕುಡಿದು ಕಪ್ಪು ಬಾಗಿಲೊಳಗೆ ಸರಿಸುವುದು. ವರ್ಷಗಳು ಹೀಗೇ ಹೋದವು.

ನನ್ನ ತವರು ಬೀಳಗಿಯ ಕಡೆ, ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ದಿನ್ನೆಯ ಮೇಲೆ ಹೊಸದಾಗಿ ಕಟ್ಟಿದ ಊರು. ಹಳೆಯ ಮನೆಯಿಂದ ಬರುವಾಗ ಎಲ್ಲರೂ ಬಾಗಿಲು, ತೊಲೆ, ಹೆಂಚು ಕಿತ್ತುಕೊಂಡು ಬಂದರೆ ನನ್ನವ್ವ ಅವುಗಳ ಜೊತೆ ಹಿತ್ತಲಿನ ಅಬ್ಬಲಿಗೆಯ ಬೀಜವನ್ನೂ ತಂದಿದ್ದಳು. ಮೈಸೂರು ಕಡೆಯವರು ಕನಕಾಂಬರ ಎನ್ನುತ್ತಾರಲ್ಲ, ಅದೇ ಹೂವು. ಮೊಳಕಾಲೆತ್ತರದ ಗಿಡ, ಹೊಳೆಯುವ ಎಲೆ, ಜಡೆ ಹೆಣೆದಂತೆ ಹಸಿರು ತೆನೆ. ಆ ತೆನೆಯ ಬುಡದಿಂದ ಮೇಲಕ್ಕೆ ಎರಡೆರಡಾಗಿ ಹೂವು ಅರಳುತ್ತಾ ಹೋಗುತ್ತವೆ. ವಾಸನೆಯಿಲ್ಲ. ಆದರೆ ಆ ಬಣ್ಣ! ಕೇಸರಿ ಎಂದರೆ ಕಡಿಮೆಯಾಯಿತು, ಕೆಂಪೆಂದರೆ ಹೆಚ್ಚಾಯಿತು. ಮಲ್ಲಿಗೆ ಸಂಜೆಗೆ ಮುಡಿದರೆ ಬೆಳಿಗ್ಗೆ ಕಂದುತ್ತದೆ. ಅಬ್ಬಲಿಗೆ ಮರುದಿನವೂ ತಲೆಯಲ್ಲಿ ಹೊಸದರಂತೆ ಇರುತ್ತದೆ. ಹೂವೆಂದರೆ ಹೀಗೆ ಮೈಗಟ್ಟಿಯಾಗಿರಬೇಕು ಎಂದು ನನಗೆ ಈಗಲೂ ಅನಿಸುತ್ತದೆ.

ಒಂದು ವರ್ಷ ನಾಗರ ಪಂಚಮಿಗೆ ತವರಿಗೆ ಹೋದವಳು ಉಂಡಿಯ ಡಬ್ಬಿಯ ಜೊತೆ ಒಂದು ಹಿಡಿ ಒಣಗಿದ ಅಬ್ಬಲಿಗೆ ತೆನೆಯನ್ನೂ ಕಟ್ಟಿಸಿಕೊಂಡು ಬಂದೆ. ಮನೆಯ ಹಿಂದೆ ಬಚ್ಚಲಿನ ಪಕ್ಕ ಸ್ವಲ್ಪ ಜಾಗವಿತ್ತು. ಮಣ್ಣು ಕೆದರಿ ಬೀಜ ಹಾಕಿದೆ. ಸಸಿ ಎದ್ದವು, ನನಗೆ ಹಿಗ್ಗೋ ಹಿಗ್ಗು. ನಾಲ್ಕು ಎಲೆ ಬರುವಷ್ಟರಲ್ಲಿ ಹಿಗ್ಗು ಇಳಿಯಿತು. ಎಲೆಯ ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಮುಟ್ಟಿ ನೋಡಿದರೆ ಬುಡದಲ್ಲಿ ಮಣ್ಣು ಪಚಪಚ ಎನ್ನುತ್ತಿತ್ತು. ನಾನು ನೀರು ಹಾಕಿ ವಾರವಾಗುತ್ತ ಬಂದಿತ್ತು, ಮಳೆಯೂ ಬಂದಿರಲಿಲ್ಲ. ಹಸಿ ಎಲ್ಲಿಂದ ಬಂತು?

ಮರುದಿನ ಮುಂಜಾನೆ ನೋಡಿದರೆ ಮಾವನವರು ಬಿಂದಿಗೆ ಹಿಡಿದು ಬಗ್ಗಿ, ಒಂದೊಂದು ಸಸಿಗೂ ನೀರು ಹೊಯ್ಯುತ್ತಿದ್ದಾರೆ. ಸೊಸೆ ನೆಟ್ಟ ಗಿಡ ಬಾಡುತ್ತಿದೆ ಎಂದು ಅವರಿಗೆ ಕನಿಕರ. ಅದು ಬಾಡಿದಷ್ಟೂ ಇವರು ಹೊಯ್ಯುವುದು ಹೆಚ್ಚಾಗಿತ್ತು. ನಾನು ಒಳಗೆ ಬಂದು ಅತ್ತೆಯವರಿಗೆ ಹೇಳಿದೆ. ಅವರು ಒಲೆಯ ಮುಂದೆ ಕೂತಲ್ಲಿಂದಲೇ ಮನೆ ನಡುಗುವ ಹಾಗೆ ಕೂಗಿದರು:

"ಅಬ್ಬಲಿಗಿಗೆ ನೀರ ಹಾಕಬ್ಯಾಡ್ರಿ!"

"ಆಂ?"

"ನೀರ! ನೀರ ಹಾಕಬ್ಯಾಡ್ರಿ!"

"ಹಾಂ ಹಾಂ, ಹಾಕ್ತೇನಿ," ಎಂದು ಮಾವನವರು ಮತ್ತೊಂದು ಬಿಂದಿಗೆ ತುಂಬಿಸಿಕೊಂಡು ಹೋದರು.

ಅತ್ತೆ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡರು. ನಾನು ನಗಬಾರದೆಂದು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ, ಅವರೂ ನಕ್ಕರು. ಸಸಿಗಳೆಲ್ಲ ಸತ್ತವು. ಮಾವನವರು ಖಾಲಿ ಪಾತಿಯ ಮುಂದೆ ಬಹಳ ಹೊತ್ತು ನಿಂತಿದ್ದರು.

ಮುಂದಿನ ಮಳೆಗಾಲಕ್ಕೆ ನಾನು ಮತ್ತೆ ಬೀಜ ತಂದೆ. ಹಿತ್ತಲಿನಲ್ಲಿ ಕೂತು ಮಣ್ಣು ಸಡಿಲು ಮಾಡುತ್ತಿದ್ದಾಗ ಮಾವನವರು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ನಾನು ತಟ್ಟನೆ ಸೆರಗು ಎಳೆದು ಬಾಯಿಗೆ ಹಿಡಿದೆ. ಅತ್ತೆಯವರು ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

"ಹ್ವಾದ ವರ್ಷ ಯಾಕ ಸತ್ತೂವವ್ವಾ ಅವು?" ಎಂದರು ಮಾವನವರು. ಕಿವಿ ಕೇಳದವರ ದೊಡ್ಡ ದನಿ.

ನಾನು ಸೆರಗಿನ ಹಿಂದೆಯೇ ಏನೋ ಹೇಳಿದೆ. ಅವರು ನನ್ನ ಮುಖ ನೋಡಿದರು, ಸೆರಗು ನೋಡಿದರು, ತಲೆ ಅಲ್ಲಾಡಿಸಿದರು.

"ಆ ಸೆರಗ ತಗಿಯವ್ವಾ. ನೀ ಏನ ಅನ್ನಾಕತ್ತಿ ಅಂತ ನನಗ ಕಾಣವಲ್ದು."

ನನ್ನ ಕೈ ಅಲ್ಲೇ ನಿಂತಿತು. ಮದುವೆಯಾದ ಮೇಲೆ ಅವರ ಮುಂದೆ ಮುಖ ತೆರೆದವಳಲ್ಲ ನಾನು. ಅತ್ತೆಯವರ ಕಡೆ ನೋಡಿದೆ. ಮೊರದಲ್ಲಿ ಅವರ ಕೈಯೂ ನಿಂತಿತ್ತು. ಅವರು ಗಂಡನ ಮುಖ ನೋಡುತ್ತ ಕೂತರು. ಇಷ್ಟು ವರ್ಷ ತಾವು ಬೆನ್ನು ತಿರುಗಿಸಿ ಕೂಗಿದ್ದೆಲ್ಲ ಈ ಮನುಷ್ಯನಿಗೆ ಮುಟ್ಟಲಿಲ್ಲವಲ್ಲ ಎಂದು ಅವರಿಗೆ ಆಗಲೇ ಹೊಳೆದಿರಬೇಕು. ಆಮೇಲೆ ಒಮ್ಮೆ ಅವರೇ ನನಗೆ ಹಾಗೆಂದರು. ಆ ಹೊತ್ತಿಗೆ ಅವರು ಅಂದದ್ದು ಇಷ್ಟೇ:

"ಅವರ ಕೇಳಾಕತ್ತಾರ. ಸೆರಗ ಸರಸ ಯವ್ವಾ. ಹಿರ್‍ಯಾರಿಗೆ ಮಾತ ತಿಳೀದಂಗ ಮಾಡೂದು ಎಂಥಾ ಮರ್ಯಾದಿ?"

ಸೆರಗು ಗಲ್ಲದ ಕೆಳಗೆ ಸರಿಸಿದೆ. ಮುಖಕ್ಕೆಲ್ಲ ಗಾಳಿ ಬಡಿದಂತಾಯಿತು. ಬಿಡಿಸಿ ಬಿಡಿಸಿ ಹೇಳಿದೆ:

"ಮಾವಾರ, ನೀರ ಭಾಳ ಆಗಿ ಸತ್ತೂರಿ. ಈ ಸಲ ನೀವು ನೀರ ಹಾಕಬ್ಯಾಡ್ರಿ."

ಮಾವನವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹೊಟ್ಟೆ ಕುಲುಕುವ ಹಾಗೆ ನಕ್ಕರು. "ನಾನ ಕೊಂದೆ ಅನ್ನು!" ಎಂದರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಮಗ್ಗದ ಮನೆಯಿಂದ ನನ್ನ ಗಂಡ ಹೊರಬಂದು, ಏನಾಯಿತೋ ಎಂದು ನೋಡಿ ಹೋದರು.

ಅಂದಿನಿಂದ ಶುರುವಾಯಿತು ಅವರ ಪ್ರಶ್ನೆಗಳು. ಬೀಜ ಎಷ್ಟು ಆಳಕ್ಕೆ? ಬಿಸಿಲು ಎಷ್ಟು? ಎಲೆ ಹಳದಿಯಾದದ್ದು ಬರೀ ನೀರಿನಿಂದಲೋ, ಮಣ್ಣಿನ ದೋಷವೂ ಇತ್ತೋ? ನನಗೆ ಗೊತ್ತಿದ್ದದ್ದು ಚಿಕ್ಕವಳಿದ್ದಾಗ ಕಂಡಷ್ಟು. ಉಳಿದದ್ದಕ್ಕೆ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮಾವನವರ ಮುಂದೆ ಹಿಡಿದೆ. ಬೀಗರ ಮುಖ ಕಂಡದ್ದೇ ಅವ್ವ ಅಲ್ಲಿಂದಲೇ ಸೆರಗು ಎಳೆದುಕೊಂಡಳು. ಫೋನಿನಲ್ಲಿ ಬರೀ ಹಸಿರು ಸೀರೆ.

"ಬೀಗತ್ಯಾರ, ನೀವೂ ಸೆರಗ ತಗೀರಿ! ನನಗ ಅಬ್ಬಲಿಗಿ ವಿಷಯ ತಿಳ್ಕೊಳ್ಳೂದೈತಿ," ಎಂದರು ಮಾವನವರು.

ಅವ್ವ ನಕ್ಕು ನಕ್ಕು, ಮುಖ ತೆಗೆದು ಮಾತಾಡಿದಳು. ಅವಳ ಮಾತಿನ ಸಾರ ಇದು: ಬನಹಟ್ಟಿಯ ಕಪ್ಪು ಎರೆಮಣ್ಣು ನೀರು ಹಿಡಿದುಕೊಂಡು ಕೂರುತ್ತದೆ, ಅಬ್ಬಲಿಗೆಯ ಬೇರಿಗೆ ಅದು ಆಗಿಬರುವುದಿಲ್ಲ. ಕೆಂಪು ಮಸಾರಿ ಮಣ್ಣು ಬೇಕು, ಜೊತೆಗೆ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ. ಪಾತಿ ನೆಲಕ್ಕಿಂತ ಎತ್ತರ ಇರಬೇಕು. ಮುಂಜಾನೆಯ ಬಿಸಿಲು ಬೀಳಬೇಕು, ಮಧ್ಯಾಹ್ನಕ್ಕೆ ಸ್ವಲ್ಪ ನೆರಳಿದ್ದರೆ ಒಳ್ಳೆಯದು. ಮೇಲಿನ ಮಣ್ಣು ಬೆರಳಿಗೆ ಒಣ ಎನಿಸಿದ ಮೇಲಷ್ಟೇ ನೀರು.

ಮಾವನವರು ಎದ್ದು ಚಪ್ಪಲಿ ಮೆಟ್ಟಿದರು. ಪರಿಚಯದ ಟಂಟಂ ಗಾಡಿ ಕರೆಸಿ, ಜಮಖಂಡಿಯ ಗುಡ್ಡದ ಕಡೆ ಬಾವಿ ತೋಡುತ್ತಿದ್ದ ಹೊಲವೊಂದರಿಂದ ಚೀಲಗಟ್ಟಲೆ ಮಸಾರಿ ಮಣ್ಣು ತುಂಬಿಸಿಕೊಂಡು ಬಂದರು. ಬಚ್ಚಲಿನ ನೀರು ಆಚೆ ಹೋಗುವಂತೆ ಕಾಲುವೆ ತಿರುವಿದರು. ಹಿತ್ತಲಿನ ಕರಿಮಣ್ಣನ್ನು ಮೊಳದಾಳಕ್ಕೆ ತೆಗೆದು ಹೊಸ ಮಣ್ಣು ತುಂಬಿ, ಅಂಚಿಗೆ ಕಲ್ಲು ಕೊಟ್ಟು ಎತ್ತರದ ಮಡಿ ಕಟ್ಟಿದರು. ಕಟ್ಟೆಯ ಮೇಲೆ ಕೂತು ಕೂತು ಕುಗ್ಗಿದ್ದ ಮನುಷ್ಯ ಸಲಿಕೆ ಹಿಡಿದು ಬೆವರುವುದನ್ನು ಅತ್ತೆಯವರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಬೈಯಲೂ ಇಲ್ಲ, ತಡೆಯಲೂ ಇಲ್ಲ.

ಇನ್ನು ಬೀಜ. ಅಬ್ಬಲಿಗೆಯ ಒಣ ತೆನೆಯಲ್ಲಿ ಬೀಜದ ಕಾಯಿಗಳು ಸುಮ್ಮನೆ ಮಲಗಿರುತ್ತವೆ, ಒಂದು ಹನಿ ನೀರು ತಾಗಿತೋ ಚಟ್ ಎಂದು ಸಿಡಿದು ಬೀಜ ದೂರ ಹಾರುತ್ತದೆ. ಚಿಕ್ಕಂದಿನಲ್ಲಿ ನಮಗೆ ಅದೇ ಪಟಾಕಿ. ತಟ್ಟೆಯಲ್ಲಿ ತೆನೆ ಇಟ್ಟು ನೀರು ಚಿಮುಕಿಸಿ, ಮೇಲೆ ತೆಳು ಬಟ್ಟೆ ಮುಚ್ಚಿ ಬೀಜ ಕೂಡಿಸುತ್ತಿದ್ದೆವು. ಮಾವನವರ ಮುಂದೆಯೂ ಹಾಗೇ ಮಾಡಿದೆ. ಬಟ್ಟೆಯ ಕೆಳಗೆ ಚಟಚಟ ಶುರುವಾಯಿತು. ಅತ್ತೆ "ಅಯ್ಯ, ಹುರಗಡಲಿ ಹುರದಂಗ ಆಗಾಕತ್ತೇತಿ!" ಎಂದು ಬಾಯಿ ಬಿಟ್ಟರು. ಮಾವನವರು ನಮ್ಮಿಬ್ಬರ ಮುಖ ನೋಡಿದರು. ಅವರಿಗೆ ಕಾಣುತ್ತಿದ್ದದ್ದು ಅಲುಗುವ ಬಟ್ಟೆ ಮಾತ್ರ.

"ಏನಾಗಾಕತ್ತೇತಿ?"

"ಕಾಯಿ ಸಿಡ್ಯಾಕತ್ತಾವ್ರಿ. ಸಪ್ಪಳ ಬರತೈತ್ರಿ," ಎಂದೆ.

ಸಪ್ಪಳ ಎಂದ ಕೂಡಲೇ ಅವರ ಮುಖ ಸಣ್ಣಗಾಯಿತು. ನನಗೆ ಏನು ತೋಚಿತೋ, ಒಂದು ಒಣ ತೆನೆಯನ್ನು ಅವರ ಅಂಗೈಯಲ್ಲಿಟ್ಟು, ನೀರು ಚಿಮುಕಿಸಿ, "ಮುಚ್ಚಿ ಹಿಡೀರಿ" ಎಂದೆ. ಅವರು ಮುಷ್ಟಿ ಕಟ್ಟಿಕೊಂಡು ಕಾದರು. ಏನೂ ಆಗಲಿಲ್ಲ. ಇನ್ನೇನು ಬಿಚ್ಚಬೇಕು ಎನ್ನುವಾಗ ಅವರ ಭುಜ ಬೆಚ್ಚಿತು. ಮತ್ತೊಮ್ಮೆ. ಮತ್ತೊಮ್ಮೆ. ಕಣ್ಣು ಅಗಲವಾದವು.

"ಕೈಯಾಗ ಲಾಳಿ ಬಡದಂಗ ಆತು!" ಎಂದು ಕೂಗಿದರು. "ಬಡೀತು ನೋಡ, ಮತ್ತ ಬಡೀತು!"

ಅವತ್ತು ಉಳಿದ ತೆನೆಗಳನ್ನೆಲ್ಲ ಅವರು ತಟ್ಟೆಗೆ ಹಾಕಗೊಡಲಿಲ್ಲ. ಎಲ್ಲ ಅವರ ಮುಷ್ಟಿಯಲ್ಲೇ ಸಿಡಿದವು.

ಹರಕು ಬುಟ್ಟಿಯಲ್ಲಿ ಮಣ್ಣು ಮರಳು ಬೆರೆಸಿ ಬೀಜ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿದೆವು. ಅಬ್ಬಲಿಗೆ ಒಂದೇ ಸಲ ಏಳುವುದಿಲ್ಲ. ಇವತ್ತು ಒಂದು, ನಾಳೆ ಎರಡು, ಆಮೇಲೆ ಏನೂ ಇಲ್ಲ, ಇದ್ದಕ್ಕಿದ್ದಂತೆ ಗುಂಪು. ಮಾವನವರು ಚಹಾ ಕುಡಿಯುವುದನ್ನೂ ಬುಟ್ಟಿಯ ಪಕ್ಕಕ್ಕೇ ವರ್ಗಾಯಿಸಿಕೊಂಡರು. ಸಸಿಗೆ ಗಟ್ಟಿ ಎಲೆಗಳು ಬಂದ ಮೇಲೆ ಮಡಿಗೆ ನೆಡುವ ದಿನ, ಅವರು ಮಗ್ಗದ ಮನೆಯಿಂದ ನೂಲು ತಂದು ಮಡಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿದರು. ಗಿಡ ನೂಲಿನ ಗುಂಟ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. "ಹಾಸು ಸರಿ ಇದ್ದರ ಬಟ್ಟಿ ಸರಿ," ಎಂದರು, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳ ಲೆಕ್ಕದಲ್ಲಿ. ಗಿಡದಿಂದ ಗಿಡಕ್ಕೆ ಗೇಣಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಟ್ಟೆವು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಮೊದಲ ತೆನೆಯ ಬುಡದಲ್ಲಿ ಎರಡು ಹೂವು ಕಂಡವು. ಮಾವನವರು ಅವನ್ನು ಕೀಳಲಿಲ್ಲ. ಅತ್ತೆಯವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಬಂದು ತೋರಿಸಿದರು.

ಆ ವರ್ಷ, ಅದರ ಮುಂದಿನ ವರ್ಷ, ಹಿತ್ತಲು ತುಂಬ ಹೂವು. ದಿನ ಬಿಟ್ಟು ದಿನ ಮುಂಜಾನೆ ಕೀಳುವುದು, ಹೂವೆಲ್ಲ ಮುಗಿದ ತೆನೆಯನ್ನು ಚಿವುಟಿ ಹಾಕುವುದು. ಚಿವುಟಿದರೆ ಪಕ್ಕದಿಂದ ಹೊಸ ಕವಲು ಬರುತ್ತದೆ. ಬಿಟ್ಟರೆ ಗಿಡ ಬೀಜ ಕಟ್ಟುವುದರಲ್ಲೇ ಸೋತುಹೋಗುತ್ತದೆ. ಬೀಜಕ್ಕೆಂದು ಒಂದು ಸಾಲನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದರು.

ಆಮೇಲಿನ ಬೇಸಿಗೆಯಲ್ಲಿ ಕೆಲವು ಗಿಡಗಳು ಮಧ್ಯಾಹ್ನ ಜೋತುಬೀಳತೊಡಗಿದವು. ನೀರು ಕೊಟ್ಟರೂ ಏಳಲಿಲ್ಲ. ಎಲೆ ಸಣ್ಣಗಾದವು, ಹೂವು ಬಿಳಿಚಿದವು. ಮಾವನವರು ಒಂದು ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಬೆಳಕಿಗೆ ಹಿಡಿದು ನೋಡಿದರು. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಅವ್ವನಿಗೆ ಫೋನಿನಲ್ಲಿ ತೋರಿಸಿದೆವು. ಮಣ್ಣಿನೊಳಗಿನ ಕಣ್ಣಿಗೆ ಕಾಣದ ಹುಳುವಿನ ಕೆಲಸ ಅದು, ಒಂದು ಗಿಡಕ್ಕೆ ಬಂದರೆ ಮಡಿಗೆಲ್ಲ ಬಂದಂತೆಯೇ ಎಂದಳು. ನಾನು ರೋಗ ಬಂದವನ್ನಷ್ಟೇ ಕಿತ್ತರೆ ಸಾಕೆಂದೆ. ಉಳಿದ ಗಿಡಗಳು ಮೈತುಂಬ ಹೂವು ಹೊತ್ತು ನಿಂತಿದ್ದವು.

ಮಾವನವರು ಒಪ್ಪಲಿಲ್ಲ. ಮರುದಿನ ಮುಂಜಾನೆ ಒಂದು ತುದಿಯಿಂದ ಶುರುಮಾಡಿ, ಹೂವಿದ್ದದ್ದು ಇಲ್ಲದ್ದು ನೋಡದೆ, ಎಲ್ಲವನ್ನೂ ಕಿತ್ತರು. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, ಈಗ ಅವರ ಎದುರಿಗೇ ಬಂದು ನಿಂತು, "ಹೂವಿದ್ದವ್ನ ಯಾಕ ಕೀಳ್ತೀರಿ?" ಎಂದರು.

"ಹಾಸಿನ್ಯಾಗ ದೋಷ ಬಂದ ಮ್ಯಾಲ ನೇಯ್ಕೋತ ಹೋದ್ರ ನೂಲೂ ಹೋತು, ಸೀರಿನೂ ಹೋತು," ಎಂದರು. ಕೈ ನಿಲ್ಲಿಸಲಿಲ್ಲ. ಆದರೆ ಕಿತ್ತದ್ದನ್ನೆಲ್ಲ ರಾಶಿ ಹಾಕಿ ಸುಡುವಾಗ ಅವರು ಆ ಕಡೆ ಮುಖ ಮಾಡಲಿಲ್ಲ.

ಮಣ್ಣನ್ನು ಅಗೆದು ಸುಡುಬಿಸಿಲಿಗೆ ಬಿಟ್ಟರು. ಮಳೆ ಬಿದ್ದ ಮೇಲೆ ಬೇವಿನ ಹಿಂಡಿ ಬೆರೆಸಿ, ಆ ವರ್ಷಪೂರ್ತಿ ಅಲ್ಲಿ ಚೆಂಡುಹೂವನ್ನಷ್ಟೇ ಬೆಳೆದರು. ಚೆಂಡುಹೂವಿನ ಬೇರು ಆ ಹುಳುವಿಗೆ ಆಗದು ಎಂದು ಅವ್ವ ಹೇಳಿದ್ದಳು. ವರ್ಷಗಟ್ಟಲೆ ಕಾಯುವ ತಾಳ್ಮೆ ನನಗಿಲ್ಲ. ಯಾವಾಗ ನೆಡೋಣ ಎಂದು ನಾನು ಕೇಳಿದಾಗಲೆಲ್ಲ ಅವರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟು, "ಇನ್ನೂ ಬ್ಯಾಡ" ಎನ್ನುತ್ತಿದ್ದರು. ಆ ಮನುಷ್ಯನ ಮೇಲಿನ ನನ್ನ ಗೌರವ ಆ ಖಾಲಿ ವರ್ಷದಲ್ಲಿ ಬೆಳೆದಷ್ಟು ಹೂವು ತುಂಬಿದ ವರ್ಷಗಳಲ್ಲೂ ಬೆಳೆದಿರಲಿಲ್ಲ.

ಮತ್ತೆ ನೆಟ್ಟ ಅಬ್ಬಲಿಗೆ ಮೊದಲಿಗಿಂತ ಸೊಂಪಾಗಿ ಬಂತು. ಸಾಲಿನ ನಡುವೆ ಈಗ ಅಲ್ಲಲ್ಲಿ ಚೆಂಡುಹೂವೂ ಉಂಟು. ಆ ಹೂವು ಬರುವ ಹೊತ್ತಿಗೆ ಸರಿಯಾಗಿ ಮುಧೋಳಕ್ಕೆ ಕೊಟ್ಟಿದ್ದ ನನ್ನ ನಾದಿನಿ ಬಸುರಿಯಾಗಿ, ನಮ್ಮ ಮನೆಯಲ್ಲಿ ಅವಳಿಗೆ ಕುಬಸ ಮಾಡುವುದೆಂದಾಯಿತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಜಡೆ ತುಂಬ ಹೂವು ಮುಡಿಸಿ ಆರತಿ ಮಾಡುವುದು. ಮಾವನವರು ಪೇಟೆಯ ಹೂವು ಬೇಡ ಎಂದರು. ಹಿಂದಿನ ದಿನ ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹೂವಿನ ರಾಶಿ ಹಾಕಿ, ತಾವೇ ಕಟ್ಟಲು ಕೂತರು. ಎರಡು ತೊಟ್ಟು ಈ ಕಡೆ, ಎರಡು ಆ ಕಡೆ, ನಡುವೆ ನೂಲಿನ ಸುತ್ತು, ಎಳೆದರೆ ಗಂಟು. ಮಗ್ಗದ ಮೇಲೆ ಕಡಿದ ಎಳೆಯನ್ನು ಕಣ್ಣುಮುಚ್ಚಿ ಜೋಡಿಸಿದ ಬೆರಳುಗಳು ಅವು. ಹೂವು ಒಂದೂ ನಲುಗಲಿಲ್ಲ. ಮಾಲೆ ಅವರ ಮಡಿಲಿನಿಂದ ಇಳಿದು ನೆಲದ ಮೇಲೆ ಸುರುಳಿ ಸುತ್ತತೊಡಗಿತು.

ಮುಧೋಳದಿಂದ ಬಂದ ಬೀಗರಲ್ಲಿ ಒಬ್ಬ ಹಿರಿಯರು ಅದನ್ನು ನೋಡಿ, ಮಾವನವರ ಎದುರಿಗೇ ಕೂತು ನಕ್ಕರು. "ಏನ್ರಿ, ಗಂಡಸರಾಗಿ ಹೂ ಕಟ್ಟಾಕ ಕುಂತೀರಲ್ಲ?"

ಮಾವನವರು ಅವರ ತುಟಿ ಓದಿ, ಹಲ್ಲಿನಲ್ಲಿ ನೂಲು ಕಡಿದು ಹೇಳಿದರು: "ಜೀವಮಾನ ಎಲ್ಲಾ ಹೆಣ್ಮಕ್ಕಳಿಗೆ ಸೀರಿ ನೇಯ್ದೇನ್ರಿ. ಹೂವ ಕಟ್ಟಿದ್ರ ಏನ ಕಡಿಮಿ ಆತು?"

ಮರುದಿನ ನಾದಿನಿಯ ಜಡೆ ಹಸಿರು ಸೀರೆಯ ಮೇಲೆ ಕೆಂಡದ ಹಾಗೆ ಹೊಳೆಯುತ್ತಿತ್ತು. ಅವಳು ಅಪ್ಪನ ಕಾಲಿಗೆ ಬಗ್ಗಿದಾಗ ಅವರು ತಲೆ ಮುಟ್ಟಿ ಹರಸಿದರು; ಹೂವಿನ ಸಾಲು ಸ್ವಲ್ಪ ಜರುಗಿತ್ತು, ಅದನ್ನೂ ಸರಿಮಾಡಿದರು. ಮುಧೋಳದ ಆ ಹಿರಿಯರು ಹೋಗುವಾಗ ತಮ್ಮ ಮನೆಗೂ ಸಸಿ ಕೇಳಿ ಒಯ್ದರು.

ಕುಬಸಕ್ಕೆ ಬಂದಿದ್ದ ಓಣಿಯ ಹೆಂಗಸರ ಮೂಲಕ ಸುದ್ದಿ ಹರಡಿತು. ಬನಹಟ್ಟಿಯಿಂದಷ್ಟೇ ಅಲ್ಲ, ರಬಕವಿಯಿಂದಲೂ ಸಸಿ ಕೇಳಿಕೊಂಡು ಬರತೊಡಗಿದರು. ಮಾವನವರು ಯಾರಿಗೂ ಇಲ್ಲ ಎನ್ನಲಿಲ್ಲ, ಆದರೆ ಬೆಳೆಸುವುದು ಹೇಗೆಂದು ಪೂರ್ತಿ ಹೇಳದೆ ಸಸಿ ಕೊಡುತ್ತಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಸೊಸೆಯಂದಿರು, ಹಿರಿಯರ ಮುಂದೆ ಬಾಯಿಗೆ ಸೆರಗು ಹಿಡಿದವರು. ಅತ್ತೆಯವರೇ ಬಾಗಿಲಲ್ಲಿ ನಿಂತು, "ಅವರಿಗೆ ಮಾತ ಕಣ್ಣಿಗೆ ಕೇಳತೈತವಾ, ಮಾರಿ ತಗದ ಮಾತಾಡ್ರಿ," ಎಂದು ಹೇಳಿ ಒಳಗೆ ಬಿಡುತ್ತಿದ್ದರು. ಮೊದಮೊದಲು ಅವರು ನಾಚುತ್ತಿದ್ದರು. ಹಳದಿ ಎಲೆಯ ವಿಷಯ, ಬೇರಿನ ಗಂಟಿನ ವಿಷಯ ಬಂದಾಗ ನಾಚಿಕೆ ಮರೆಯುತ್ತಿತ್ತು. ಹೀಗೆ ನಮ್ಮ ಹಿತ್ತಲಿನಲ್ಲಿ ಓಣಿಯ ಸೊಸೆಯಂದಿರು ಒಬ್ಬ ಹಿರಿಯರ ಮುಂದೆ ಮುಖ ತೆರೆದು, ಎದುರು ಪ್ರಶ್ನೆ ಕೇಳಿ, ಕೆಲವೊಮ್ಮೆ ವಾದವನ್ನೂ ಮಾಡಿ ಹೋಗುವುದು ರೂಢಿಯಾಯಿತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಈಗ ಮಾವನವರ ಕಣ್ಣು ಹಿತ್ತಲು ಬಿಟ್ಟು ಮಗ್ಗದ ಮನೆಯ ಮುಂದಿನ ಜಾಗದ ಮೇಲೆ ಬಿದ್ದಿದೆ. ದಿನವೆಲ್ಲ ಸದ್ದಿನಲ್ಲಿ ದುಡಿಯುವ ಆಳುಗಳು ಚಹಾಕ್ಕೆ ಹೊರಗೆ ಬಂದಾಗ ಕಣ್ಣಿಗಾದರೂ ಒಂದಿಷ್ಟು ಬಣ್ಣ ಬೇಡವೇ ಎಂಬುದು ಅವರ ಮಾತು. ಹೋದ ವಾರ ನನ್ನ ಗಂಡ ಅವರ ಮುಂದೆ ನಿಂತು ಬಿಡಿಸಿ ಹೇಳಿದರು: "ಅಪ್ಪಾ, ಅಲ್ಲಿ ನೂಲಿನ ಗಾಡಿ ನಿಂದರಬೇಕು. ಗಿಡ ಹಚ್ಚಿದರ ಗಾಡಿ ಎಲ್ಲಿ ನಿಂದರಸೂದು?"

ಮಾವನವರಿಗೆ ಈಗ ಒಂದು ಉಪಾಯ ಗೊತ್ತಾಗಿದೆ. ಕೇಳಬಾರದು ಎನಿಸಿದ ಮಾತು ಬಂದರೆ ಮೆಲ್ಲಗೆ ಮುಖ ತಿರುಗಿಸಿಬಿಡುತ್ತಾರೆ. ಅವತ್ತೂ ಹಾಗೇ ಮಾಡಿ ಬೇವಿನ ಮರ ನೋಡುತ್ತ ನಿಂತರು. ಮರುದಿನ ನೋಡಿದರೆ ಮಗ್ಗದ ಮನೆಯ ಮುಂದೆ ಅಗೆದ ಕರಿಮಣ್ಣಿನ ರಾಶಿ, ಪಕ್ಕದಲ್ಲಿ ಮಸಾರಿಯ ಚೀಲಗಳು, ಈ ಗೋಡೆಯಿಂದ ಆ ಗೋಡೆಗೆ ಎಳೆದು ಕಟ್ಟಿದ ಬಿಳಿ ನೂಲು. ನೂಲಿನ ಗಾಡಿಯವನು ಬಂದು, ನೋಡಿ, ಗಾಡಿಯನ್ನು ಓಣಿಯ ತುದಿಯಲ್ಲೇ ನಿಲ್ಲಿಸಿದ.